ಗಾಯದ ದುಡ್ಡು, ಕೆಲಸ ಹೋದ ದುಡ್ಡು

“ಮನೆಯಲ್ಲಿ ಬಾಗಿಲಿಗೆ ಸಿಕ್ಕಿಕೊಂಡಿತು ಸಾರ್” ಎಂದು ನಮ್ಮ ಸೂಪರ್‌ವೈಸರ್ ಡಾಕ್ಟರಿಗೆ ಹೇಳುತ್ತಿದ್ದಾಗ ನನ್ನ ಎಡಗೈಯನ್ನು ಕಾಟನ್ ವೇಸ್ಟ್‌ನಲ್ಲಿ ಸುತ್ತಿದ್ದರು. ಮೆಷಿನ್ ಒರೆಸಲು ಇಡುವ ನೂಲಿನ ಉಂಡೆ ಅದು. ರಕ್ತಕ್ಕಿಂತ ಹೆಚ್ಚಾಗಿ ಎಣ್ಣೆಯ ವಾಸನೆ ಬರುತ್ತಿತ್ತು. ಮನೆಯ ಬಾಗಿಲಿಗೆ ಸಿಕ್ಕಿದ ಕೈಗೆ ಗ್ರೀಸ್ ಎಲ್ಲಿಂದ ಬಂತು ಎಂದು ಡಾಕ್ಟರ್ ಕೇಳಲಿಲ್ಲ. ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿ, “ನೀವು ಹೇಳಿ ಅಮ್ಮ” ಎಂದರು.

“ಪ್ರೆಸ್‌ನಲ್ಲಿ ಆಯಿತು.”

ನನಗೆ ಆಗ ಕಾನೂನು ಗೊತ್ತಿತ್ತು, ಹಾಗಾಗಿ ಧೈರ್ಯವಾಗಿ ನಿಜ ಹೇಳಿದೆ ಎಂದು ಯಾರೂ ಭಾವಿಸಬಾರದು. ಸುಳ್ಳಿಗೆ ತಲೆಯಾಡಿಸುವಷ್ಟು ತ್ರಾಣವೂ ನನ್ನಲ್ಲಿ ಉಳಿದಿರಲಿಲ್ಲ, ಅಷ್ಟೆ. ಡಾಕ್ಟರ್ ಬರೆದುಕೊಂಡರು: ಕೆಲಸದ ವೇಳೆ, ಪವರ್ ಪ್ರೆಸ್. ಮುಂದೆ ಹತ್ತು ತಿಂಗಳು ನಾನು ಓಡಾಡಿದ ಪ್ರತಿ ಕಚೇರಿಯಲ್ಲೂ ಮೊದಲು ನೋಡುತ್ತಿದ್ದುದು ಆ ಸಾಲನ್ನೇ.

ಪೀಣ್ಯದ ಒಂದು ಶೆಡ್‌ನಲ್ಲಿ 2019ರಿಂದ ಕಂಟ್ರಾಕ್ಟರ್ ಕೈಕೆಳಗೆ ಕೆಲಸ ಮಾಡುತ್ತಿದ್ದೆ. ಇಪ್ಪತ್ತು ಟನ್ನಿನ ಪ್ರೆಸ್, ಅದರ ಕೆಳಗೆ ತಗಡಿನ ಪಟ್ಟಿ ಇಟ್ಟರೆ ವಾಷರ್ ಕತ್ತರಿಸಿ ಬೀಳುತ್ತದೆ. ಎರಡು ಕೈಯಿಂದ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಮಾತ್ರ ಪಂಚ್ ಕೆಳಗಿಳಿಯಬೇಕು ಎಂಬುದು ಆ ಮೆಷಿನ್ನಿನ ಕಟ್ಟಳೆ. ಎರಡೂ ಕೈ ಗುಂಡಿಯ ಮೇಲಿದ್ದರೆ ಕೆಳಗಿನ ಅಚ್ಚಾದ ಡೈಯೊಳಗೆ ಕೈ ಇರಲು ಸಾಧ್ಯವಿಲ್ಲವಲ್ಲ! ಆದರೆ ಹಾಗೆ ಮಾಡಿದರೆ ಗಂಟೆಗೆ ಬರುವ ಪೀಸು ಕಡಿಮೆ. ಗುಂಡಿ ತೆಗೆದು ಕಾಲಲ್ಲಿ ಒತ್ತುವ ಪೆಡಲ್ ಹಾಕಿಸಿದ್ದರು. 2022ರ ಫೆಬ್ರವರಿ 9ರಂದು ಡೈಗೆ ಅಂಟಿಕೊಂಡಿದ್ದ ಒಂದು ತುಂಡನ್ನು ಬೆರಳಲ್ಲಿ ಎಬ್ಬಿಸಲು ಹೋದೆ. ಚಿಮಟ ಪಕ್ಕದಲ್ಲೇ ಇತ್ತು. ಕಾಲು ಪೆಡಲ್ ಮೇಲೆ ಇತ್ತು. ತೋರುಬೆರಳಿನ ಮೂರು ಗೆಣ್ಣುಗಳಲ್ಲಿ ಎರಡು ಹೋದವು, ನಡುಬೆರಳಿನ ತುದಿಯ ಮಾಂಸ ಹೋಯಿತು. ಸದ್ದು ವಾಷರ್ ಕತ್ತರಿಸಿದಾಗ ಬರುವ ಸದ್ದೇ. ಬೇರೆ ಏನೂ ಕೇಳಿಸಲಿಲ್ಲ.

ಸೂಪರ್‌ವೈಸರ್ ಏಕೆ ಸುಳ್ಳು ಹೇಳಿದ ಎಂಬುದು ಆಮೇಲೆ ತಿಳಿಯಿತು. ಅವನೇನೂ ಕೆಟ್ಟವನಲ್ಲ. ಆಟೋದಲ್ಲಿ ನನ್ನ ಕೈ ಎತ್ತಿ ಹಿಡಿದುಕೊಂಡು ಬಂದವನು ಅವನೇ. ಆದರೆ ಕೆಲಸದಲ್ಲಿ ಆದ ಗಾಯ ಎಂದರೆ ಅಪಘಾತದ ಪುಸ್ತಕದಲ್ಲಿ ಬರೆಯಬೇಕು, ಫಾರಂ 12ರಲ್ಲಿ ಕಾರ್ಮಿಕರ ರಾಜ್ಯ ವಿಮೆ ಎಂಬ ಇಎಸ್‌ಐಗೆ ವರದಿ ಹೋಗಬೇಕು. ಗುಂಡಿ ಏಕೆ ಇರಲಿಲ್ಲ ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ. ಮನೆಯಲ್ಲಿ ಆದದ್ದು ಎಂದರೆ ಬರೀ ಕಾಯಿಲೆ ರಜೆ. “ಅಕ್ಕ, ಹೇಗಿದ್ದರೂ ಇಎಸ್‌ಐ ದುಡ್ಡು ಕೊಡುತ್ತದೆ, ಯಾವ ಲೆಕ್ಕದಲ್ಲಿ ಬಂದರೆ ನಿಮಗೇನು?” ಎಂದು ಮರುದಿನ ಫೋನ್ ಮಾಡಿ ಕೇಳಿದ. ನನಗೂ ಆ ಹೊತ್ತಿಗೆ ಹೌದಲ್ಲ ಅನ್ನಿಸಿತ್ತು.

ಯಾವ ಲೆಕ್ಕ ಎಂಬುದರಲ್ಲೇ ಎಲ್ಲ ಇತ್ತು. ನನ್ನ ಸಂಬಳ ತಿಂಗಳಿಗೆ 15,000 ರೂಪಾಯಿ. ಅದರಲ್ಲಿ ಶೇಕಡಾ 0.75ರಂತೆ 113 ರೂಪಾಯಿ ಇಎಸ್‌ಐಗೆ ಕಡಿತವಾಗುತ್ತಿತ್ತು, ಮಾಲೀಕರ ಪಾಲು ಶೇಕಡಾ 3.25. ದಿನದ ಸರಾಸರಿ 500 ರೂಪಾಯಿ ಎಂದು ಹಿಡಿದರು. ಕಾಯಿಲೆಯ ಲೆಕ್ಕದಲ್ಲಿ ಹೋದರೆ ಅದರ ಶೇಕಡಾ 70, ವರ್ಷಕ್ಕೆ ಹೆಚ್ಚೆಂದರೆ 91 ದಿನ. ಜೊತೆಗೆ ಇಂತಿಷ್ಟು ದಿನ ಚಂದಾ ಕಟ್ಟಿರಬೇಕೆಂಬ ಷರತ್ತು. ಕೆಲಸದ ಗಾಯವಾದರೆ ಶೇಕಡಾ 90, ಕೈ ಕೆಲಸಕ್ಕೆ ಬರುವವರೆಗೂ. ಚಂದಾ ದಿನಗಳ ಷರತ್ತೇ ಇಲ್ಲ, ನಿನ್ನೆ ಕೆಲಸಕ್ಕೆ ಸೇರಿದವಳಿಗೂ ಸಿಗುತ್ತದೆ. ಇದಕ್ಕೆ ತಾತ್ಕಾಲಿಕ ಅಂಗವಿಕಲತೆ ಸೌಲಭ್ಯ ಎಂದು ಹೆಸರು. ಕಚೇರಿಯಲ್ಲಿ ಎಲ್ಲರೂ ಟಿಡಿಬಿ ಎನ್ನುತ್ತಾರೆ. ನಾನು ಮನೆಯಲ್ಲಿದ್ದದ್ದು 74 ದಿನ. ದಿನಕ್ಕೆ 450ರಂತೆ 33,300 ರೂಪಾಯಿ ಬಂತು. ಬಾಗಿಲಿನ ಕಥೆ ಗೆದ್ದಿದ್ದರೆ ಹೆಚ್ಚೆಂದರೆ 25,900 ಬರುತ್ತಿತ್ತು. ಆದರೆ ಆ ಏಳು ಸಾವಿರದ ವ್ಯತ್ಯಾಸ ದೊಡ್ಡದಲ್ಲ. ಬಾಗಿಲಿಗೆ ಸಿಕ್ಕಿ ಹೋದ ಬೆರಳಿಗೆ ಮುಂದೆ ಒಂದು ಪೈಸೆಯೂ ಇರುತ್ತಿರಲಿಲ್ಲ. ಅದು ಆಮೇಲಿನ ಮಾತು.

ಕಂಟ್ರಾಕ್ಟರ್ ಫಾರಂ 12 ಕಳಿಸಲಿಲ್ಲ. ನಾಳೆ, ನಾಡಿದ್ದು, ಆಡಿಟರ್ ಊರಲ್ಲಿಲ್ಲ, ವೆಬ್ ಸೈಟ್ ತೆರೆಯುತ್ತಿಲ್ಲ. ಡಿಸ್ಪೆನ್ಸರಿಯಲ್ಲಿ ವಾರಕ್ಕೊಂದು ಸರ್ಟಿಫಿಕೇಟ್ ಕೊಡುತ್ತಿದ್ದರು. ಅದನ್ನು ಹಿಡಿದು ಶಾಖಾ ಕಚೇರಿಗೆ ಹೋದರೆ ಅಪಘಾತದ ವರದಿ ಬಂದಿಲ್ಲ, ಸದ್ಯಕ್ಕೆ ಕಾಯಿಲೆಯ ಹಣ ಬೇಕಾದರೆ ಕೊಡಬಹುದು ಎನ್ನುತ್ತಿದ್ದರು. ಎರಡನ್ನೂ ಒಂದೇ ದಿನಗಳಿಗೆ ಕೊಡುವಂತಿಲ್ಲ. ಮೂರನೆಯ ವಾರ ನಾನೇ ಒಂದು ಬಿಳಿ ಹಾಳೆಯಲ್ಲಿ ಬರೆದುಕೊಟ್ಟೆ: ಯಾವ ದಿನ, ಎಷ್ಟು ಗಂಟೆ, ಯಾವ ಮೆಷಿನ್, ಯಾರು ನೋಡಿದರು. ಗಾಯಗೊಂಡವರು ತಾವೇ ತಿಳಿಸಬಹುದು, ಬರಹದಲ್ಲಾಗಲಿ ಬಾಯಿಮಾತಿನಲ್ಲಾಗಲಿ ಎಂದು ಹೇಳಿಕೊಟ್ಟವರು ಪಕ್ಕದ ಕಾರ್ಖಾನೆಯ ಯೂನಿಯನ್ನಿನ ಒಬ್ಬ ಹಿರಿಯರು. ನೋಡಿದವರ ಹೆಸರು ಬರೆಯುವಾಗ ಕೈ ತಡೆಯಿತು. ಪಕ್ಕದ ಮೆಷಿನ್ನಿನವಳಿಗೆ ಇನ್ನೂ ಅಲ್ಲಿಯೇ ಕೆಲಸ ಮಾಡಬೇಕಿತ್ತು. ಅವಳನ್ನೇ ಕೇಳಿದೆ. “ಬರೆಯಿರಿ ಅಕ್ಕ, ನಿಮ್ಮ ಬೆರಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಟ್ಟವಳು ನಾನು, ಇಲ್ಲ ಎಂದು ಹೇಗೆ ಹೇಳಲಿ?” ಎಂದಳು. ಇಎಸ್‌ಐನಿಂದ ಒಬ್ಬರು ವಿಚಾರಣೆಗೆ ಹೋಗುತ್ತಾರೆಂದು ಗೊತ್ತಾದ ಮೇಲೆ ಆಡಿಟರ್ ಊರಿಗೆ ಬಂದರು, ಸೈಟೂ ತೆರೆಯಿತು.

ಈ ನಡುವೆ ನನ್ನ ಭಾವ ಒಬ್ಬ ವಕೀಲರ ಬಳಿ ಕರೆದುಕೊಂಡು ಹೋದರು. 1923ರ ಪರಿಹಾರ ಕಾಯಿದೆಯಲ್ಲಿ ಕೇಸು ಹಾಕಿದರೆ ಇಡಿಗಂಟು ಸಿಗುತ್ತದೆ ಎಂದು ಯಾರೋ ಅವರ ತಲೆಗೆ ಹಾಕಿದ್ದರು. ವಕೀಲರು ಒಳ್ಳೆಯವರು, ಫೀಸು ತೆಗೆದುಕೊಳ್ಳದೆ ಎಬ್ಬಿಸಿ ಕಳಿಸಿದರು. ಇಎಸ್‌ಐ ಇದ್ದವರಿಗೆ ಆ ದಾರಿ ಇಲ್ಲ. 1948ರ ಇಎಸ್‌ಐ ಕಾಯಿದೆಯ 53ನೆಯ ಕಲಮು ಆಗ ಅದನ್ನು ಮುಚ್ಚಿತ್ತು. ಇಎಸ್‌ಐ ವ್ಯಾಪ್ತಿಗೆ ಬಾರದವರಿಗೆ ಮಾತ್ರ ಅದು. ಭಾವ ದಾರಿಯುದ್ದಕ್ಕೂ, ಹಾಗಾದರೆ ಇಎಸ್‌ಐ ಇಲ್ಲದಿದ್ದರೇ ಚೆನ್ನಾಗಿತ್ತು ಎಂದು ಗೊಣಗಿದರು. ಆಸ್ಪತ್ರೆಯಲ್ಲಿ ಎರಡು ಶಸ್ತ್ರಚಿಕಿತ್ಸೆಗೆ ನಾನು ಒಂದು ರೂಪಾಯಿಯನ್ನೂ ಕಟ್ಟಿರಲಿಲ್ಲ. ಅದನ್ನು ಅವರಿಗೆ ನೆನಪಿಸಲು ಹೋಗಲಿಲ್ಲ.

ಮಾರ್ಚ್ ಕೊನೆಗೆ ಕಂಟ್ರಾಕ್ಟರ್ ಕಡೆಯಿಂದ ವಾಟ್ಸಾಪ್ ಸಂದೇಶ ಬಂತು: ನಿಮ್ಮ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಿದ್ದೇವೆ, ಬಂದು ಲೆಕ್ಕ ಮುಗಿಸಿಕೊಳ್ಳಿ. ಯೂನಿಯನ್ನಿನ ಹಿರಿಯರು ಅದನ್ನು ಓದಿ ನಕ್ಕುಬಿಟ್ಟರು. ಗಾಯದ ಹಣ ಪಡೆಯುತ್ತಿರುವಾಗ ಕೆಲಸದಿಂದ ತೆಗೆಯುವಂತಿಲ್ಲ, ತೆಗೆದರೂ ಆ ನೋಟಿಸಿಗೆ ಬೆಲೆಯಿಲ್ಲ. ಆರು ತಿಂಗಳು ಸತತವಾಗಿ ಆ ಹಣ ಪಡೆದ ಮೇಲಷ್ಟೇ ಅದಕ್ಕೆ ಅವಕಾಶ ಎಂದರು. ಸಂದೇಶವನ್ನು ಅಳಿಸದೆ ಇಟ್ಟುಕೊಳ್ಳಲು ಹೇಳಿದರು. ಕಂಟ್ರಾಕ್ಟರಿಗೂ ಅಷ್ಟರಲ್ಲಿ ಯಾರೋ ಬುದ್ಧಿ ಹೇಳಿರಬೇಕು, ಮತ್ತೆ ಸುದ್ದಿಯಿಲ್ಲ.

ಆ 74 ದಿನ ಮನೆಯಲ್ಲಿ ಏನು ಮಾಡಿದೆ ಎಂದು ಕೇಳಿದರೆ ಹೇಳುವಂಥದ್ದು ಹೆಚ್ಚಿಲ್ಲ. ಮಗಳ ಜಡೆ ಹೆಣೆಯುವುದನ್ನು ಹೊಸದಾಗಿ ಕಲಿತೆ. ಮೂರು ಎಳೆಗಳಲ್ಲಿ ನಡುವಿನ ಎಳೆಯನ್ನು ಹಿಡಿಯುವುದು ಎಡಗೈಯ ತೋರುಬೆರಳು ಎಂದು ನನಗೆ ಅದು ಹೋದ ಮೇಲೆಯೇ ಗೊತ್ತಾದದ್ದು. ಎರಡು ವಾರ ಅವಳು ಜುಟ್ಟು ಕಟ್ಟಿಕೊಂಡು ಶಾಲೆಗೆ ಹೋದಳು. ಈಗ ಆ ಎಳೆಯನ್ನು ಕಿರುಬೆರಳು ಹಿಡಿಯುತ್ತದೆ.

ಏಪ್ರಿಲ್ 25ಕ್ಕೆ ಫಿಟ್ ಸರ್ಟಿಫಿಕೇಟ್ ಕೊಟ್ಟರು. ಅಂದಿನಿಂದ ಟಿಡಿಬಿ ನಿಂತಿತು. ಪ್ರೆಸ್‌ಗೆ ನನ್ನನ್ನು ಕೂರಿಸಲಿಲ್ಲ, ನಾನೂ ಕೇಳಲಿಲ್ಲ. ಪ್ಯಾಕಿಂಗ್‌ಗೆ ಹಾಕಿದರು. ವಾಷರನ್ನು ಎಣಿಸಿ ಕವರಿಗೆ ತುಂಬುವ ಕೆಲಸ. ತೂಕದ ಯಂತ್ರ ಬಂದಾಗಿನಿಂದ ಎಣಿಸುವುದೂ ಇರಲಿಲ್ಲ. ಒಂದು ತಿಂಗಳು ಕಳೆದ ಮೇಲೆ, ಮೇ 27ರ ಸಂಜೆ, ನಾಳೆಯಿಂದ ಆರ್ಡರ್ ಇಲ್ಲ ಎಂದರು. ಅದರ ಜೊತೆಗೆ ಒಂದು ಹಾಳೆ. ‘ನನ್ನ ಸ್ವಂತ ಕಾರಣಗಳಿಂದ’ ಎಂದು ಶುರುವಾಗುತ್ತಿತ್ತು. ಸಹಿ ಹಾಕಿದರೆ ಬಾಕಿ ಸಂಬಳ ಇಂದೇ ಕೊಡುತ್ತೇವೆ ಎಂದರು. ನನ್ನ ಸ್ವಂತ ಕಾರಣ ಯಾವುದು ಎಂದು ಕೇಳಿದೆ. ಉತ್ತರ ಬರಲಿಲ್ಲ. ಸಹಿ ಹಾಕಲಿಲ್ಲ. ಬಾಕಿ ಸಂಬಳ ಹನ್ನೆರಡು ದಿನ ತಡವಾಗಿ ಬಂತು.

ಇಲ್ಲಿಂದ ಎರಡನೆಯ ದುಡ್ಡಿನ ಕಥೆ. ಕೆಲಸ ಹೋದವರಿಗೂ ಇಎಸ್‌ಐ ಹಣ ಕೊಡುತ್ತದೆ ಎಂಬುದು ನಮ್ಮ ಶೆಡ್ಡಿನಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಕೊರೊನಾ ಕಾಲದಲ್ಲಿ ಒಬ್ಬಿಬ್ಬರು ಪಡೆದಿದ್ದರು. ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ, 2018ರ ಜುಲೈನಲ್ಲಿ ಶುರುವಾದದ್ದು. ಮೊದಲು ಸರಾಸರಿ ಸಂಬಳದ ಶೇಕಡಾ 25 ಇತ್ತು, 2020ರಲ್ಲಿ ಶೇಕಡಾ 50 ಮಾಡಿದರು. ನಾನು ಅರ್ಜಿ ಹಾಕಿದಾಗಿನ ನಿಯಮ ಹೀಗಿತ್ತು: ಜೀವನದಲ್ಲಿ ಒಮ್ಮೆ, ಹೆಚ್ಚೆಂದರೆ 90 ದಿನಕ್ಕೆ. ಕೆಲಸ ಹೋಗಿ 30 ದಿನ ಕಳೆದ ಮೇಲೆ ಅರ್ಜಿ ಹಾಕಬಹುದು. ಎರಡು ವರ್ಷ ಇಎಸ್‌ಐನಲ್ಲಿ ಇದ್ದಿರಬೇಕು, ಕೆಲಸ ಹೋಗುವ ಹಿಂದಿನ ಆರು ತಿಂಗಳ ಚಂದಾ ಅವಧಿಯಲ್ಲಿ 78 ದಿನವಾದರೂ ಚಂದಾ ಕಟ್ಟಿರಬೇಕು, ಅದಕ್ಕೂ ಹಿಂದಿನ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ ಮತ್ತೆ 78. ದುರ್ವರ್ತನೆಗೆ ತೆಗೆದುಹಾಕಿದವರಿಗೆ ಇಲ್ಲ, ತಾವಾಗಿ ನಿವೃತ್ತಿ ಪಡೆದವರಿಗೆ ಇಲ್ಲ. ಆ ‘ಸ್ವಂತ ಕಾರಣ’ದ ಹಾಳೆ ಇಲ್ಲಿಗೆ ಬಂದು ನನ್ನ ಎದುರು ಕೂರುತ್ತಿತ್ತೋ ಏನೋ.

ಜೂನ್ ಕೊನೆಗೆ ಸೈಬರ್ ಸೆಂಟರಿಗೆ ಹೋದೆ. ಅಲ್ಲಿದ್ದ ಹುಡುಗ ಚುರುಕು, ನನಗಿಂತ ಮೊದಲೇ ಎಲ್ಲ ಅರ್ಥಮಾಡಿಕೊಳ್ಳುವವನು. ನಿರುದ್ಯೋಗ ಯಾವ ದಿನದಿಂದ ಎಂಬ ಕಡೆ ಫೆಬ್ರವರಿ 10 ಎಂದು ತುಂಬಿದ. “ಆವತ್ತಿನಿಂದ ತಾನೇ ನಿಮಗೆ ಪ್ರೆಸ್ ಕೆಲಸ ಇಲ್ಲದ್ದು? ಹಿಂದಿನಿಂದ ಹಾಕಿದರೆ ಬೇಗ ಬರುತ್ತದೆ” ಎಂದ. ನಾನೂ ಒಪ್ಪಿದೆ. ಅದನ್ನು ಮುದ್ರಿಸಿ, ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಜೋಡಿಸಿ ಶಾಖಾ ಕಚೇರಿಗೆ ಕೊಟ್ಟೆ.

ಅಲ್ಲಿಯ ಗುಮಾಸ್ತರು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ನನ್ನ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟರು. ಒಂದು ಟಿಡಿಬಿಯದು, ಇನ್ನೊಂದು ಇದು. ಪೆನ್ಸಿಲಿನಿಂದ ಎರಡರಲ್ಲೂ ತಾರೀಖಿನ ಕೆಳಗೆ ಗೆರೆ ಎಳೆದರು.

“ನೋಡಮ್ಮ, ಫೆಬ್ರವರಿ ಹತ್ತರಿಂದ ಏಪ್ರಿಲ್ ಇಪ್ಪತ್ನಾಲ್ಕರವರೆಗೆ ನಿಮಗೆ ಕೆಲಸ ಇತ್ತು, ಮಾಡಲು ಆಗುತ್ತಿರಲಿಲ್ಲ. ಅದಕ್ಕೆ ದುಡ್ಡು ಕೊಟ್ಟಾಗಿದೆ. ಮೇ ಇಪ್ಪತ್ತೆಂಟರಿಂದ ನಿಮಗೆ ಮಾಡಲು ಆಗುತ್ತದೆ, ಕೆಲಸ ಇಲ್ಲ. ಇದು ಅದಕ್ಕೆ. ಎರಡನ್ನೂ ಒಂದೇ ದಿನಕ್ಕೆ ಕೇಳಿದರೆ ನಾನು ಯಾವುದನ್ನು ನಂಬಲಿ?”

ಅಲ್ಲಿಯವರೆಗೆ ಯಾರೂ ನನಗೆ ಇಷ್ಟು ನೇರವಾಗಿ ಹೇಳಿರಲಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ಕುಳಿತವರೆಲ್ಲ ಎರಡೂ ಹಾಕಿ, ಯಾವುದಾದರೂ ಒಂದು ಬರುತ್ತದೆ ಎಂದೇ ಹೇಳುತ್ತಿದ್ದರು. ಲಾಟರಿ ಟಿಕೆಟಿನ ಬುದ್ಧಿ ಅದು. ನಾನು ಫಿಟ್ ಸರ್ಟಿಫಿಕೇಟನ್ನು ನನ್ನ ಶತ್ರು ಎಂದುಕೊಂಡಿದ್ದೆ, ಅದು ಬಂದ ದಿನ ಹಣ ನಿಂತಿತ್ತಲ್ಲ. ಎರಡನೆಯ ಹಣಕ್ಕೆ ಅದೇ ಸಾಕ್ಷಿ.

ತಾರೀಖು ತಿದ್ದಿ ಮತ್ತೆ ಕೊಟ್ಟೆ. ಈ ಸಲ ಕಂಪ್ಯೂಟರ್ ಬೇಡವೆಂದಿತು. ಮಾಲೀಕರು ಪ್ರತಿ ತಿಂಗಳು ಚಂದಾ ಲೆಕ್ಕ ತುಂಬುವಾಗ, ಒಬ್ಬ ಕಾರ್ಮಿಕ ಒಂದು ದಿನವೂ ಕೆಲಸ ಮಾಡಿಲ್ಲವಾದರೆ ಏಕೆ ಎಂದು ಒಂದು ಸಂಖ್ಯೆ ಹಾಕಬೇಕು. ರಜೆಗೆ ಒಂದು ಸಂಖ್ಯೆ, ಕೆಲಸ ಬಿಟ್ಟದ್ದಕ್ಕೆ ಇನ್ನೊಂದು, ಮಾಲೀಕರೇ ಆಳು ಕಡಿಮೆ ಮಾಡುವ ನೌಕರಿ ಕಡಿತಕ್ಕೆ ಮತ್ತೊಂದು. ನಮ್ಮ ಕಂಟ್ರಾಕ್ಟರ್ ನನ್ನ ಹೆಸರಿನ ಮುಂದೆ ರಜೆ ಎಂದು ಹಾಕಿದ್ದ. ಅಂದರೆ ಸರ್ಕಾರದ ಲೆಕ್ಕದಲ್ಲಿ ನಾನು ಇನ್ನೂ ಅವನ ನೌಕರಳು, ಜೂನ್ ತಿಂಗಳಿಡೀ ರಜೆ ಹಾಕಿ ಮಜವಾಗಿದ್ದೇನೆ! ಕೋಪ ಬಂತು, ನಗುವೂ ಬಂತು. ಬೇಕೆಂದೇ ಹಾಕಿದನೋ, ಆಡಿಟರಿನ ಹುಡುಗ ಹಳೆಯ ತಿಂಗಳಿನದನ್ನೇ ನಕಲು ಮಾಡಿದನೋ ಇಂದಿಗೂ ತಿಳಿಯದು.

ಗುಮಾಸ್ತರ ಸಲಹೆಯಂತೆ ಕಂಟ್ರಾಕ್ಟರಿಗೆ ಒಂದು ಪತ್ರ ರಿಜಿಸ್ಟರ್ ಮಾಡಿದೆ: ನನ್ನ ಕೊನೆಯ ಕೆಲಸದ ದಿನ ಮೇ 27, ಅದನ್ನು ಪೋರ್ಟಲಿನಲ್ಲಿ ಸರಿಪಡಿಸಿ. ಪ್ರತಿಯನ್ನು ಶಾಖಾ ಕಚೇರಿಗೂ ಕೊಟ್ಟೆ. ಮಾರ್ಚಿನ ವಾಟ್ಸಾಪ್ ಸಂದೇಶದ ಮುದ್ರಣವನ್ನೂ ಜೋಡಿಸಿದೆ. ಅದು ಇದಕ್ಕೆ ಸಂಬಂಧವಿಲ್ಲ ಎಂದು ಗೊತ್ತಿತ್ತು, ಆದರೂ ಅವನು ನೋಡಲಿ ಎಂದು. ಆಗಸ್ಟಿನಲ್ಲಿ ತುಂಬಿದ ಲೆಕ್ಕದಲ್ಲಿ ‘ಕೆಲಸ ಬಿಟ್ಟಿದ್ದಾರೆ’ ಎಂದಾಯಿತು. ಸೆಪ್ಟೆಂಬರಿನಲ್ಲಿ 90 ದಿನದ್ದು ಒಟ್ಟಿಗೆ ಬಂತು, ದಿನಕ್ಕೆ 240ರಂತೆ 21,600 ರೂಪಾಯಿ. ಇಲ್ಲಿ ನಾಲ್ಕು ಚಂದಾ ಅವಧಿಗಳ ಸರಾಸರಿ ಹಿಡಿಯುತ್ತಾರೆ, ಹಳೆಯ ಕಡಿಮೆ ಸಂಬಳವೂ ಸೇರುವುದರಿಂದ 250 ಇರಬೇಕಾದದ್ದು 240 ಆಯಿತು. ಹಣ ಬರುವಷ್ಟರಲ್ಲಿ ಆ 90 ದಿನ ಮುಗಿದೇ ಹೋಗಿದ್ದವು. ಆ ಮೂರು ತಿಂಗಳು ಮನೆ ನಡೆದದ್ದು ನನ್ನ ತಾಯಿಯ ಎರಡು ಬಳೆ ಅಡವಿಟ್ಟು.

ಕಡಿತ ಎಂದು ನಮೂದಾಗಿದ್ದರೆ ಇನ್ನೊಂದು ದಾರಿ ಇತ್ತು ಎಂದು ಆಮೇಲೆ ಗೊತ್ತಾಯಿತು. ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ ಯೋಜನೆ, 2005ರಿಂದ ಇದೆ. ಮೊದಲ ಹನ್ನೆರಡು ತಿಂಗಳು ಅರ್ಧ, ಮುಂದಿನ ಹನ್ನೆರಡು ತಿಂಗಳು ಕಾಲು. ಕಾರ್ಖಾನೆ ಮುಚ್ಚಿದರೆ, ಕಾನೂನುಬದ್ಧವಾಗಿ ಕಡಿತ ಮಾಡಿದರೆ, ಇಲ್ಲವೇ ಶೇಕಡಾ 40ಕ್ಕೆ ಕಡಿಮೆಯಿಲ್ಲದ ಶಾಶ್ವತ ಅಂಗವಿಕಲತೆ ಬಂದರೆ. ಈ ಮೂರನೆಯದನ್ನು ಓದಿ ನನಗೆ ಆಸೆ ಹುಟ್ಟಿತ್ತು. ಪೂರ್ತಿ ಓದಿದರೆ, ಆ ಅಂಗವಿಕಲತೆ ಕೆಲಸದಲ್ಲಿ ಆದ ಗಾಯದಿಂದ ಬಂದಿರಬಾರದು! ಬಾಗಿಲಿಗೆ ಸಿಕ್ಕಿದವರಿಗೆ ಉಂಟು, ಪ್ರೆಸ್‌ಗೆ ಸಿಕ್ಕಿದವರಿಗೆ ಇಲ್ಲ. ಕೆಲಸದ ಗಾಯಕ್ಕೆ ಬೇರೆಯೇ ವ್ಯವಸ್ಥೆ ಇದೆ ಎಂಬುದು ಅದರ ತರ್ಕ. ನನ್ನದು ಹೇಗೂ ನಲವತ್ತರ ಹತ್ತಿರಕ್ಕೂ ಹೋಗುತ್ತಿರಲಿಲ್ಲ.

ಆ ಬೇರೆ ವ್ಯವಸ್ಥೆ ಎಂದರೆ ಮೆಡಿಕಲ್ ಬೋರ್ಡ್. ಅಕ್ಟೋಬರಿನಲ್ಲಿ ಕರೆ ಬಂತು. ಡಾಕ್ಟರುಗಳ ಮುಂದೆ ಮೇಜಿನ ಮೇಲೆ ಕೈ ಇಡಬೇಕು. ಒಬ್ಬರು ಸಣ್ಣ ಸ್ಕೇಲ್ ಹಿಡಿದು ಅಳೆದರು, ಇನ್ನೊಬ್ಬರು ಮಡಿಸಿ ಎಂದರು, ಹಿಡಿ ಎಂದು ಒಂದು ಪೆನ್ನು ಕೊಟ್ಟರು. ನಾಲ್ಕೈದು ನಿಮಿಷ ಅಷ್ಟೆ. ಆ 1948ರ ಕಾಯಿದೆಯ ಹಿಂಭಾಗದಲ್ಲಿ ಒಂದು ಪಟ್ಟಿ ಇತ್ತು, ದೇಹದ ಯಾವ ಭಾಗ ಹೋದರೆ ದುಡಿಯುವ ಶಕ್ತಿ ಎಷ್ಟು ಹೋಯಿತು ಎಂದು. ಹೆಬ್ಬೆರಳು ಪೂರ್ತಿ ಹೋದರೆ ಶೇಕಡಾ 30. ತೋರುಬೆರಳು ಪೂರ್ತಿಯಾದರೆ 14, ಎರಡು ಗೆಣ್ಣಾದರೆ 11. ನಡುಬೆರಳಿನ ತುದಿ, ಮೂಳೆಗೆ ತಾಗದಿದ್ದರೆ 4. ಕಿರುಬೆರಳು ಪೂರ್ತಿಗೆ 7, ಅದನ್ನು ಓದಿ ನನ್ನ ಮಗಳ ಜಡೆ ನೆನಪಾಯಿತು. ಪಟ್ಟಿ ಮಾಡಿದವರು ಯಾರಿಗೂ ಜಡೆ ಹೆಣೆದಿರಲಿಕ್ಕಿಲ್ಲ.

ನನಗೆ 15 ಎಂದು ಬರೆದರು. ದಿನಕ್ಕೆ 450ರ ಶೇಕಡಾ 15, ಅಂದರೆ 67 ರೂಪಾಯಿ 50 ಪೈಸೆ. ತಿಂಗಳಿಗೆ ಎರಡು ಸಾವಿರದ ಆಸುಪಾಸು, ಬದುಕಿರುವವರೆಗೆ. ಕೆಲಸ ಇದ್ದರೂ ಬರುತ್ತದೆ, ಇಲ್ಲದಿದ್ದರೂ ಬರುತ್ತದೆ. ಟಿಡಿಬಿ ಮುಗಿದ ಮರುದಿನದಿಂದ ಲೆಕ್ಕ ಹಾಕಿ ನವೆಂಬರ್ ಕೊನೆಯವರೆಗಿನ ಬಾಕಿ 14,850 ರೂಪಾಯಿ ಒಮ್ಮೆಗೇ ಹಾಕಿದರು. ನಿರುದ್ಯೋಗದ ಹಣ ಪಡೆದ ಆ ಮೂರು ತಿಂಗಳೂ ಇದರಲ್ಲಿ ಸೇರಿದ್ದವು. ಅದು ತಪ್ಪಾಗಿ ಬಂದಿದೆಯೇನೋ, ಮುಂದೆ ವಾಪಸ್ ಕೇಳುತ್ತಾರೇನೋ ಎಂಬ ಅಳುಕಿನಿಂದ ನಾನೇ ಹೋಗಿ ವಿಚಾರಿಸಿದೆ. ತಪ್ಪಲ್ಲವಂತೆ. ನಿರುದ್ಯೋಗದ ಹಣದ ಜೊತೆ ಬೇರೆ ಯಾವ ನಗದು ಪರಿಹಾರವೂ ಕೂಡದು, ಶಾಶ್ವತ ಅಂಗವಿಕಲತೆಯ ಈ ಮಾಸಿಕ ಹಣ ಮಾತ್ರ ಅದಕ್ಕೆ ಹೊರತು. ಬಳೆ ಬಿಡಿಸಿಕೊಂಡು ಬಂದೆ.

ಈಗ ಬೇರೆ ಕಡೆ ಕೆಲಸ, ಪ್ಲಾಸ್ಟಿಕ್ ಡಬ್ಬಿಗಳ ಪ್ಯಾಕಿಂಗ್. ಸಂಬಳ 13,400. ವಿಮಾದಾರರ ಗುರುತಿನ ಐಪಿ ನಂಬರ್ ಹಳೆಯದೇ ಮುಂದುವರಿಯಿತು. ಬದುಕಿದ್ದೇನೆ ಎಂಬ ಪ್ರಮಾಣಪತ್ರವನ್ನು ಕಾಲಕಾಲಕ್ಕೆ ಕೊಡಬೇಕು, ಇಲ್ಲದಿದ್ದರೆ ಹಣ ನಿಲ್ಲುತ್ತದೆ. ಮೊನ್ನೆ ಅದನ್ನು ಕೊಡಲು ಹೋದಾಗ ಅದೇ ಗುಮಾಸ್ತರು ಇದ್ದರು. ಕನ್ನಡಕ ಇನ್ನೂ ಮೂಗಿನ ತುದಿಯಲ್ಲೇ ಇತ್ತು.

“ಎಲ್ಲಿ ಈಗ?” ಎಂದರು.

“ಪ್ಯಾಕಿಂಗ್ ಸಾರ್.”

“ಪ್ರೆಸ್ ಅಲ್ಲ ತಾನೇ?”

ಅಲ್ಲ ಎಂದೆ. ಮುದ್ರೆ ಒತ್ತಿ ಪ್ರತಿ ಕೊಟ್ಟು, ಹಿಂದೆ ನಿಂತಿದ್ದ ಹುಡುಗನನ್ನು ಮುಂದಕ್ಕೆ ಕರೆದರು. ಅವನ ಬಲಗೈಗೆ ಬ್ಯಾಂಡೇಜ್ ಇತ್ತು. ಎಡಗೈಯಲ್ಲಿ ಹಿಡಿದಿದ್ದ ಕಾಗದ ಕಾಯಿಲೆ ರಜೆಯದು.

ನಾನು ಬಸ್ಸಿಗೆ ಹೋಗಬೇಕಿತ್ತು. ಹೋಗದೆ ಅಲ್ಲಿದ್ದ ಬೆಂಚಿನ ಮೇಲೆ ಅವನಿಗಾಗಿ ಕಾದು ಕುಳಿತೆ.